ವರ್ಕರ್ ಜಾಸ್ತಿ ಮಾಡಿದ ಮೇಲೆ ಒಂದೇ ಲಾಟ್ ನಂಬರ್ ನಾಲ್ಕು ಚೀಟಿಗೆ: ದೋಷ ಹುಡುಕಿದ್ದು, ಸರಿ ಮಾಡಿದ್ದು

ಶಿರಸಿಯಲ್ಲಿ ಅಡಿಕೆ ಟೆಂಡರ್ ಇರುವ ದಿನ ಬೆಳಗ್ಗೆಯೇ ಯಾರ್ಡ್ ತುಂಬುತ್ತದೆ. ಪಿಕಪ್‌ನಿಂದ ಚೀಲ ಇಳಿಯುತ್ತದೆ, ತೂಕ ಆಗುತ್ತದೆ, ಕೌಂಟರ್‌ನಲ್ಲಿ ಚೀಟಿ ಕೊಡುತ್ತಾರೆ. ಚೀಟಿಯ ಮೇಲೆ ಲಾಟ್ ನಂಬರ್ ಇರುತ್ತದೆ. ಚಾಲಿ ಇರಲಿ, ರಾಶಿ ಇರಲಿ, ಬೆಟ್ಟೆ ಇರಲಿ, ಅಲ್ಲಿಂದ ಮುಂದೆ ಆ ಅಡಿಕೆಯ ಗುರುತು ಆ ನಂಬರ್ ಒಂದೇ. ವ್ಯಾಪಾರಸ್ಥರು ಮಾಲು ನೋಡಿ ದರ ಬರೆಯುವುದು ಆ ನಂಬರ್ ಹಿಡಿದುಕೊಂಡೇ.

ಈ ಚೀಟಿ ಕೊಡುವ ಒಂದು ಸಣ್ಣ ವೆಬ್ ಆ್ಯಪ್ ಅನ್ನು ನಾನು ನೋಡಿಕೊಳ್ಳುತ್ತೇನೆ. ಪೈಥಾನ್‌ನ ಫ್ಲಾಸ್ಕ್ ಫ್ರೇಮ್‌ವರ್ಕ್‌ನಲ್ಲಿ ಬರೆದದ್ದು, ಅದನ್ನು ನಡೆಸಲು ಗುನಿಕಾರ್ನ್ ಸರ್ವರ್, ಅದರ ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ಡೇಟಾ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್‌ನಲ್ಲಿ. ಎರಡು ಕೋರ್ ಇರುವ ಒಂದೇ ಮಷೀನ್. ಹಿಂದಿನ ಸೀಸನ್ ಪೂರ್ತಿ ಒಂದೇ ವರ್ಕರ್‌ನಲ್ಲಿ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಗುನಿಕಾರ್ನ್‌ನ ಪ್ರೊಸೆಸ್) ಓಡಿತ್ತು, ಒಂದು ತಕರಾರೂ ಇರಲಿಲ್ಲ. ಈ ಸಲ ಕೌಂಟರ್ ಎರಡಾದವು, ರೈತರು ಮೊಬೈಲ್‌ನಲ್ಲೇ ದರ ನೋಡಲು ಶುರು ಮಾಡಿದರು, ಪುಟ ತೆರೆಯುವುದು ನಿಧಾನವಾಯಿತು. ಗುನಿಕಾರ್ನ್‌ನವರೇ ಹೇಳುವ ಲೆಕ್ಕ ಕೋರ್‌ನ ಎರಡು ಪಟ್ಟು, ಮೇಲೆ ಒಂದು. ನಮ್ಮ ಮಷೀನ್‌ಗೆ ಅದು ಐದಾಗುತ್ತದೆ. ನಾನು ನಾಲ್ಕು ಹಾಕಿ, ರಾತ್ರಿ ರೀಸ್ಟಾರ್ಟ್ ಮಾಡಿ ಮಲಗಿದೆ.

ಮರುದಿನ ಮೊದಲ ಮೂರು ಚೀಟಿ ಸರಿಯಾಗಿ ಬಂದವು. 1207, 1208, 1209. ನಾಲ್ಕನೆಯದು ಮತ್ತೆ 1207. ಕೌಂಟರ್‌ನಲ್ಲಿ ಯಾರಿಗೂ ಅದು ಕಣ್ಣಿಗೆ ಬೀಳಲಿಲ್ಲ. ಯಾರ್ಡ್‌ನಲ್ಲಿ ಅಕ್ಕಪಕ್ಕ ಚೀಲ ಇಟ್ಟಿದ್ದ ಇಬ್ಬರಲ್ಲಿ ಹಿರಿಯರೊಬ್ಬರು ಎರಡೂ ಚೀಟಿ ಹಿಡಿದುಕೊಂಡು ಬಂದರು. "ತಮಾ, ಯನ್ನ ಚೀಟಿಗೂ ಇವ್ರ ಚೀಟಿಗೂ ಒಂದೇ ನಂಬ್ರು. ಇದು ಹ್ಯಾಂಗಾತು?" ಅಷ್ಟು ಹೊತ್ತಿಗೆ 40 ಚೀಟಿ ಹೋಗಿತ್ತು.

ಇದೇ ತರಹದ ದೋಷ ನಿಮ್ಮ ಆ್ಯಪ್‌ನಲ್ಲೂ ಬರಬಹುದು. ಲಾಟ್ ನಂಬರ್ ಬದಲು ಟೋಕನ್ ನಂಬರ್ ಇರಬಹುದು, ಸ್ಟಾಕ್ ಲೆಕ್ಕ ಇರಬಹುದು, ಲಾಗಿನ್ ಇರಬಹುದು. ಲಕ್ಷಣ ಮಾತ್ರ ಒಂದೇ: ರಿಫ್ರೆಶ್ ಮಾಡಿದಾಗಲೆಲ್ಲ ಉತ್ತರ ಬದಲಾಗುತ್ತದೆ, ಒಮ್ಮೆ ಹಳೆಯದು, ಒಮ್ಮೆ ಹೊಸದು, ಮತ್ತೆ ಹಳೆಯದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಸಲ ನೋಡಿದರೂ ಸರಿಯಾಗಿಯೇ ಇರುತ್ತದೆ.

ರೀಸ್ಟಾರ್ಟ್ ಮಾಡುವ ಮುಂಚೆ ಐದು ನಿಮಿಷ

ಜನ ಕಾಯುತ್ತಿರುವಾಗ ಕೈ ಮೊದಲು ಹೋಗುವುದು ರೀಸ್ಟಾರ್ಟ್ ಕಡೆಗೆ. ದಯವಿಟ್ಟು ಐದು ನಿಮಿಷ ತಡೆಯಿರಿ. ಈ ದೋಷದ ಸಾಕ್ಷಿ ಇರುವುದು ಪ್ರೊಸೆಸ್‌ಗಳ ಮೆಮೊರಿಯಲ್ಲಿ. ರೀಸ್ಟಾರ್ಟ್ ಮಾಡಿದರೆ ಅದು ಹೋಯಿತು. ಆಮೇಲೆ ಊಹೆ ಒಂದೇ ಉಳಿಯುತ್ತದೆ.

ನನಗೆ ಮೊದಲು ಬಂದ ಅನುಮಾನ, ಗುಮಾಸ್ತರು ಬಟನ್ ಎರಡು ಸಲ ಒತ್ತಿರಬೇಕು ಅಂತ. ಆದರೆ ಎರಡು ಚೀಟಿಯಲ್ಲೂ ರೈತರ ಹೆಸರು ಬೇರೆ, ತೂಕ ಬೇರೆ, ಸಮಯ ಬೇರೆ. ಎರಡು ಸಲ ಒತ್ತಿದ್ದರೆ ಎಲ್ಲವೂ ಒಂದೇ ಇರುತ್ತಿತ್ತು. ಬ್ರೌಸರ್ ಕ್ಯಾಶೆಯೂ ಅಲ್ಲ, ಯಾಕೆಂದರೆ ಡೇಟಾಬೇಸ್‌ನಲ್ಲೇ ತಪ್ಪು ನಂಬರ್ ಕೂತಿತ್ತು.

ಹಾಗಾಗಿ ಡೇಟಾಬೇಸ್‌ಗೇ ಕೇಳಿದೆ: ಇವತ್ತಿನ ಚೀಟಿಗಳನ್ನು ಲಾಟ್ ನಂಬರ್ ಪ್ರಕಾರ ಗುಂಪು ಮಾಡು, ಒಂದೊಂದು ನಂಬರ್ ಎಷ್ಟು ಸಲ ಬಂದಿದೆ ಹೇಳು. ಬಂದ ಉತ್ತರ ಇದು. 1207ರಿಂದ 1212ರವರೆಗೆ ಒಂದೊಂದೂ ನಾಲ್ಕು ಸಲ. 1213 ಮತ್ತು 1214 ಮೂರು ಸಲ. 1215ರಿಂದ 1217 ಎರಡು ಸಲ. 1218ರಿಂದ 1221 ಒಂದೊಂದೇ ಸಲ. ಒಟ್ಟು ಚೀಟಿ 40, ಬೇರೆ ಬೇರೆ ನಂಬರ್ 15 ಮಾತ್ರ.

ಈ ಆಕಾರವನ್ನು ಸ್ವಲ್ಪ ನಿಂತು ನೋಡಿ. ನಾಲ್ಕಕ್ಕಿಂತ ಜಾಸ್ತಿ ಸಲ ಯಾವ ನಂಬರೂ ಬಂದಿಲ್ಲ. ಶುರುವಿನಲ್ಲಿ ನಾಲ್ಕು, ಆಮೇಲೆ ಮೂರು, ಎರಡು, ಒಂದು ಅಂತ ಮೆಟ್ಟಿಲಿನ ಹಾಗೆ ಇಳಿಯುತ್ತದೆ. ಗುಮಾಸ್ತರ ಕೈತಪ್ಪಿನಿಂದ ಹೀಗೆ ಆಗಲು ಸಾಧ್ಯವಿಲ್ಲ. ನಾಲ್ಕು ಜನ ಬೇರೆ ಬೇರೆಯಾಗಿ 1206ರಿಂದ ಮುಂದೆ ಎಣಿಸಿದರೆ ಮಾತ್ರ ಹೀಗೆ ಬರುತ್ತದೆ.

ಎರಡನೇ ಸಾಕ್ಷಿಯೂ ಕೈಗೆ ಸಿಕ್ಕಿತು. ಕೊನೆಗೆ ಕೊಟ್ಟ ನಂಬರ್ ತೋರಿಸುವ ಒಂದು ಪುಟವನ್ನು ಗುಮಾಸ್ತರಿಗಾಗಿ ಹಿಂದೆಯೇ ಮಾಡಿದ್ದೆ. ಅದು ನಂಬರನ್ನು ಡೇಟಾಬೇಸ್‌ನಿಂದಲ್ಲ, ಮೆಮೊರಿಯಿಂದಲೇ ಓದುತ್ತಿತ್ತು. ಚೀಟಿ ಕೊಡುವುದನ್ನು ನಿಲ್ಲಿಸಲು ಹೇಳಿ, ಸರ್ವರ್ ಒಳಗಿನಿಂದಲೇ ಕರ್ಲ್ ಕಮಾಂಡ್‌ನಲ್ಲಿ ಆ ಪುಟವನ್ನು 20 ಸಲ ಕರೆದೆ. ಬಂದದ್ದು ನಾಲ್ಕೇ ಉತ್ತರ, ಹಿಂದೆ ಮುಂದೆ: 1221, 1214, 1217, 1212. 1206ರಿಂದ ಎಷ್ಟೆಷ್ಟು ಮುಂದೆ ಹೋಗಿವೆ ನೋಡಿದೆ. 15, 8, 11, 6. ಕೂಡಿಸಿದರೆ ಸರಿಯಾಗಿ 40. ಓಡುತ್ತಿರುವ ಪ್ರೊಸೆಸ್‌ಗಳನ್ನು ತೋರಿಸುವ ಪಿಎಸ್ ಕಮಾಂಡ್ ಓಡಿಸಿದರೆ ಗುನಿಕಾರ್ನ್‌ನ ತಾಯಿ ಪ್ರೊಸೆಸ್ ಒಂದು, ಅದರ ಕೆಳಗೆ ಮಕ್ಕಳು ನಾಲ್ಕು. ಇನ್ನು ಅನುಮಾನವೇ ಉಳಿಯಲಿಲ್ಲ.

ಈ ಪರೀಕ್ಷೆಯನ್ನು ಬ್ರೌಸರ್‌ನಲ್ಲಿ ಮಾಡಬೇಡಿ. ಬ್ರೌಸರ್ ಪುಟವನ್ನು ತನ್ನ ಹತ್ತಿರ ಇಟ್ಟುಕೊಂಡಿರಬಹುದು. ಜೊತೆಗೆ ಯಾವ ವರ್ಕರ್‌ಗೆ ರಿಕ್ವೆಸ್ಟ್ ಹೋಗಬೇಕು ಎಂದು ಗುನಿಕಾರ್ನ್ ಸರದಿ ಹಾಕಿ ಹಂಚುವುದಿಲ್ಲ. ಮೊದಲು ಎದ್ದ ವರ್ಕರ್ ಎತ್ತಿಕೊಳ್ಳುತ್ತದೆ. ಕೆಲಸ ಕಡಿಮೆ ಇದ್ದಾಗ ನಾಲ್ಕಾರು ರಿಕ್ವೆಸ್ಟ್ ಒಂದಕ್ಕೇ ಹೋಗಿ, ಎಲ್ಲ ಸರಿ ಇದೆ ಎಂಬ ಭ್ರಮೆ ಬರಬಹುದು. ನಮ್ಮ ಮೊದಲ ಮೂರು ಚೀಟಿ ಸರಿಯಾಗಿ ಬಂದದ್ದೂ ಹಾಗೆಯೇ.

ನಿಮ್ಮಲ್ಲಿ ಇಂಥ ಪುಟ ಇಲ್ಲದಿದ್ದರೆ ಇವತ್ತೇ ಒಂದು ಕೆಲಸ ಮಾಡಿಡಿ. ಪ್ರತಿ ಉತ್ತರದ ಹೆಡರ್‌ನಲ್ಲಿ ಪ್ರೊಸೆಸ್ ಐಡಿ ಹೋಗುವ ಹಾಗೆ ಎರಡು ಸಾಲು ಸೇರಿಸಿ. ಗುನಿಕಾರ್ನ್‌ನ ಆಕ್ಸೆಸ್ ಲಾಗ್‌ನಲ್ಲೂ ಪ್ರೊಸೆಸ್ ಐಡಿ ಬರೆಸಬಹುದು, ಫಾರ್ಮ್ಯಾಟ್‌ನಲ್ಲಿ ಅದಕ್ಕೆ ಜಾಗ ಇದೆ, ಆದರೆ ತಾನಾಗಿ ಬರುವುದಿಲ್ಲ. ದೋಷ ಬಂದ ದಿನ ಆ ಒಂದು ಅಂಕೆ ನಿಮ್ಮ ಅರ್ಧ ದಿನ ಉಳಿಸುತ್ತದೆ.

ಯಾಕೆ ಹೀಗಾಗುತ್ತದೆ

ಕೋಡ್‌ನಲ್ಲಿ ಇದ್ದದ್ದು ಇಷ್ಟೇ. ಆ್ಯಪ್ ಏಳುವಾಗ ಡೇಟಾಬೇಸ್‌ನಿಂದ ಕೊನೆಯ ಲಾಟ್ ನಂಬರ್ ಓದಿ ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ ಇಡುವುದು. ಚೀಟಿ ಕೇಳಿದಾಗ ಅದಕ್ಕೆ ಒಂದು ಕೂಡಿಸಿ ಕೊಡುವುದು. ಒಂದೇ ವರ್ಕರ್ ಇರುವವರೆಗೆ ಇದು ನಡೆಯುತ್ತದೆ.

ನಾಲ್ಕು ವರ್ಕರ್ ಅಂದರೆ ನಾಲ್ಕು ಬೇರೆ ಬೇರೆ ಪ್ರೊಸೆಸ್. ಒಂದರ ಮೆಮೊರಿ ಇನ್ನೊಂದಕ್ಕೆ ಕಾಣುವುದಿಲ್ಲ. ನಾಲ್ಕು ಗುಮಾಸ್ತರನ್ನು ನಾಲ್ಕು ಕೋಣೆಯಲ್ಲಿ ಕೂರಿಸಿ, ಬೆಳಗ್ಗೆ ಒಂದೇ ಪುಸ್ತಕದ ನಾಲ್ಕು ಜೆರಾಕ್ಸ್ ಕೊಟ್ಟ ಹಾಗೆ. ಎಲ್ಲರ ಪ್ರತಿಯಲ್ಲೂ ಕೊನೆಯ ಸಾಲು 1206. ಅಲ್ಲಿಂದ ಮುಂದೆ ಪ್ರತಿಯೊಬ್ಬರೂ ತಮ್ಮ ಪ್ರತಿಯಲ್ಲೇ ಬರೆಯುತ್ತಾರೆ.

ಫ್ಲಾಸ್ಕ್‌ನ ಡೆವಲಪ್‌ಮೆಂಟ್ ಸರ್ವರ್‌ನಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ರಿಕ್ವೆಸ್ಟ್‌ಗೆ ಉತ್ತರ ಕೊಡುವುದು ಒಂದೇ ಪ್ರೊಸೆಸ್. ಒಳಗೆ ಥ್ರೆಡ್ ಹಲವು ಇರಬಹುದು, ಆದರೆ ಥ್ರೆಡ್‌ಗಳಿಗೆ ಮೆಮೊರಿ ಒಂದೇ.

ಗುನಿಕಾರ್ನ್‌ಗೆ ಪ್ರಿಲೋಡ್ ಎಂಬ ಆಯ್ಕೆ ಕೊಟ್ಟರೆ ಸರಿಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಸರಿಯಾಗುವುದಿಲ್ಲ. ಪ್ರಿಲೋಡ್‌ನಲ್ಲಿ ತಾಯಿ ಪ್ರೊಸೆಸ್ ಆ್ಯಪ್ ಅನ್ನು ಒಮ್ಮೆ ಓದಿ ಆಮೇಲೆ ಮಕ್ಕಳನ್ನು ಹುಟ್ಟಿಸುತ್ತದೆ. ಹೀಗೆ ಹುಟ್ಟಿಸುವುದಕ್ಕೆ ಫೋರ್ಕ್ ಎನ್ನುತ್ತಾರೆ. ಫೋರ್ಕ್ ಆದ ಕ್ಷಣದಲ್ಲಿ ಎಲ್ಲರೂ ಒಂದೇ ಮೆಮೊರಿ ನೋಡುತ್ತಾರೆ, ನಿಜ. ಆದರೆ ಯಾರಾದರೂ ಬರೆದ ಕೂಡಲೇ ಮೆಮೊರಿಯ ಆ ತುಂಡಿನ ಬೇರೆ ಪ್ರತಿ ಆಗುತ್ತದೆ. ಬದಲಾಗದೇ ಇರುವ ದೊಡ್ಡ ಡೇಟಾಗೆ ಪ್ರಿಲೋಡ್ ಒಳ್ಳೆಯದು. ಎಣಿಕೆಗೆ ಅಲ್ಲ. ಅದರ ಜೊತೆ ಇನ್ನೊಂದು ಅಪಾಯವೂ ಉಂಟು. ಡೇಟಾಬೇಸ್ ಕನೆಕ್ಷನ್ ಅನ್ನು ಕೋಡ್ ಫೈಲಿನ ಮೇಲುಗಡೆಯೇ ತೆರೆದಿದ್ದರೆ, ಫೋರ್ಕ್ ಆದ ಮೇಲೆ ನಾಲ್ಕೂ ಮಕ್ಕಳು ಅದೇ ಕನೆಕ್ಷನ್ ಹಿಡಿದುಕೊಂಡಿರುತ್ತವೆ. ಎಸ್‌ಕ್ಯೂಲೈಟ್‌ನಲ್ಲಿ ಇದು ಮಾಡಲೇಬಾರದ ಕೆಲಸ. ಪೋಸ್ಟ್‌ಗ್ರೆಸ್ ಎಂಬ ದೊಡ್ಡ ಡೇಟಾಬೇಸ್‌ನಲ್ಲಿ ಒಬ್ಬರ ಉತ್ತರ ಇನ್ನೊಬ್ಬರಿಗೆ ಹೋಗಿ ಎಲ್ಲ ಕಲಸಿಹೋಗುತ್ತದೆ. ಕನೆಕ್ಷನ್ ಯಾವಾಗಲೂ ಫೋರ್ಕ್ ಆದ ಮೇಲೆಯೇ ತೆರೆಯಬೇಕು.

ಆ ದಿನದ ಮಟ್ಟಿಗೆ

ವರ್ಕರ್ ಸಂಖ್ಯೆ ಮತ್ತೆ ಒಂದಕ್ಕೆ ಇಳಿಸಿದೆ. ನಿಧಾನವಾಯಿತು, ಆದರೆ ನಂಬರ್ 1222ರಿಂದ ಸರಿಯಾಗಿ ಮುಂದುವರಿಯಿತು. ಒಂದೇ ನಂಬರ್ ಹೋದ ಚೀಟಿಗಳಿಗೆ ಯಾರ್ಡ್‌ಗೇ ಹೋಗಿ, ಚೀಲ ನೋಡಿ, ನಂಬರ್ ಪಕ್ಕ ಅ, ಆ, ಇ, ಈ ಎಂದು ಕೈಯಿಂದ ಬರೆದೆವು. ದರ ಬರೆಯಲು ಶುರುವಾಗುವ ಮುಂಚೆ ಅದು ಮುಗಿದದ್ದು ದೊಡ್ಡ ಸಮಾಧಾನ. ಒಬ್ಬರ ಚಾಲಿಗೆ ಇನ್ನೊಬ್ಬರ ದರ ಬಿದ್ದಿದ್ದರೆ ಯಾರಿಗೆ ಏನು ಹೇಳುವುದು?

ಒಂದೇ ಪ್ರೊಸೆಸ್‌ನಲ್ಲಿ ಹಲವು ಥ್ರೆಡ್ ಇಟ್ಟುಕೊಂಡೇ ಮುಂದುವರಿಯಬಹುದಲ್ವಾ ಎಂದು ಕೇಳಬಹುದು. ತಾತ್ಕಾಲಿಕವಾಗಿ ಪರವಾಗಿಲ್ಲ. ಆದರೆ ಒಂದು ಕೂಡಿಸುವ ಕೆಲಸಕ್ಕೆ ಲಾಕ್ ಹಾಕಲೇಬೇಕು. ಓದುವುದು, ಕೂಡಿಸುವುದು, ಬರೆಯುವುದು ಮೂರು ಬೇರೆ ಹೆಜ್ಜೆ, ನಡುವೆ ಇನ್ನೊಂದು ಥ್ರೆಡ್ ನುಸುಳಬಹುದು.

ನಂಬರ್ ಎಲ್ಲಿ ಇಡಬೇಕು

ಉತ್ತರ ಪ್ರೊಸೆಸ್‌ನ ಹೊರಗೆ ಎಂದು ಎಲ್ಲರಿಗೂ ಗೊತ್ತು. ಹೊರಗೆ ಎಂದರೆ ಎಲ್ಲಿ ಎನ್ನುವುದರಲ್ಲಿ ತಪ್ಪುವುದು ಜಾಸ್ತಿ. ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಈಗ ಕರೆಂಟ್ ಹೋದರೆ ಇದು ಕಳೆದುಹೋಗಬಹುದಾ? ಮಳೆಗಾಲದಲ್ಲಿ ಇಲ್ಲಿ ಲೈನ್ ಮೇಲೆ ಮರ ಬೀಳುವುದು ಹೊಸತಲ್ಲ. ಯುಪಿಎಸ್ ಇದೆ, ಆದರೆ ಅದರ ಬ್ಯಾಟರಿಯೂ ಒಂದು ದಿನ ಕೈಕೊಡುತ್ತದೆ. ಲಾಟ್ ನಂಬರ್ ಕಳೆಯುವಂತಿಲ್ಲ, ಎರಡು ಸಲ ಬರುವಂತೆಯೂ ಇಲ್ಲ.

ಸುಮ್ನೆ ಒಂದು ಜೇಸನ್ ಫೈಲ್‌ನಲ್ಲಿ ಬರೆದಿಟ್ಟರೆ? ಇಬ್ಬರು ಒಟ್ಟಿಗೆ ಓದಿ, ಇಬ್ಬರೂ ಒಂದು ಕೂಡಿಸಿ ಬರೆದರೆ ಅದೇ ದೋಷ ಮತ್ತೆ ಬರುತ್ತದೆ. ಬರೆಯುತ್ತಿರುವಾಗಲೇ ಇನ್ನೊಬ್ಬರು ಓದಿದರೆ ಅರ್ಧ ಫೈಲ್ ಸಿಗುತ್ತದೆ. ಲಾಕ್ ಹಿಡಿದು, ಬೇರೆ ಹೆಸರಿನಲ್ಲಿ ಬರೆದು, ಆಮೇಲೆ ಹೆಸರು ಬದಲಿಸಿ ಇದನ್ನೆಲ್ಲ ಸರಿ ಮಾಡಬಹುದು. ಆದರೆ ಅಷ್ಟು ಮಾಡುವ ಹೊತ್ತಿಗೆ ನೀವು ಒಂದು ಕಳಪೆ ಡೇಟಾಬೇಸ್ ಕಟ್ಟಿರುತ್ತೀರಿ.

ಡೇಟಾವನ್ನು ಮೆಮೊರಿಯಲ್ಲೇ ಇಡುವ ಮೆಮ್‌ಕ್ಯಾಶ್ಡ್ ಇಂಥ ಕೆಲಸಕ್ಕಲ್ಲ. ಅದು ಡಿಸ್ಕ್‌ಗೆ ಬರೆಯುವುದಿಲ್ಲ, ಜಾಗ ಸಾಲದಾದರೆ ಹಳೆಯದನ್ನು ತಾನೇ ಬಿಸಾಡುತ್ತದೆ. ಅದೇ ತರಹ ಮೆಮೊರಿಯಲ್ಲಿ ಡೇಟಾ ಇಡುವ ರೆಡಿಸ್ ಇದಕ್ಕಿಂತ ಎಷ್ಟೋ ವಾಸಿ. ಅದರ ಇನ್ಕರ್ ಕಮಾಂಡ್ ಒಂದು ಕೂಡಿಸಿ ಹೊಸ ನಂಬರ್ ಕೊಡುವುದನ್ನು ಒಂದೇ ಏಟಿಗೆ ಮಾಡುತ್ತದೆ, ಎಷ್ಟು ವರ್ಕರ್ ಕೇಳಿದರೂ ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಆದರೆ ಡಿಸ್ಕ್‌ಗೆ ಬರೆಯುವುದು ಹೇಗೆ ಎಂದು ನೀವೇ ಹೇಳಬೇಕು. ಪ್ರತಿ ಸೆಕೆಂಡಿಗೆ ಒಮ್ಮೆ ಲಾಗ್ ಅನ್ನು ಡಿಸ್ಕ್‌ಗೆ ಇಳಿಸುವ ಕ್ರಮ ಇಟ್ಟರೆ, ಕರೆಂಟ್ ಹೋದಾಗ ಸುಮಾರು ಒಂದು ಸೆಕೆಂಡಿನ ಕೆಲಸ ಹೋಗಬಹುದು. ಆ ಸೆಕೆಂಡಿನಲ್ಲಿ ಪ್ರಿಂಟ್ ಆದ ಚೀಟಿ ರೈತರ ಕೈಯಲ್ಲಿದೆ, ರೆಡಿಸ್‌ಗೆ ನೆನಪಿಲ್ಲ. ಎದ್ದ ಮೇಲೆ ಅದೇ ನಂಬರ್ ಮತ್ತೆ ಕೊಡುತ್ತದೆ.

ನಮ್ಮಲ್ಲಿ ಚೀಟಿ ಕೂರುತ್ತಿದ್ದದ್ದೇ ಎಸ್‌ಕ್ಯೂಲೈಟ್‌ನಲ್ಲಿ. ನಂಬರೂ ಅಲ್ಲೇ ಇರಲಿ, ಅದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಏನೂ ಆಗದ ಒಂದು ಕಂತಿನ ಕೆಲಸ) ಇರಲಿ ಎಂದು ನಿರ್ಧರಿಸಿದೆ.

ಎಲ್ಲಕ್ಕಿಂತ ಮೊದಲು ಮಾಡಿದ್ದು, ಲಾಟ್ ನಂಬರ್ ಕಾಲಮ್‌ಗೆ ಯುನಿಕ್ ಇಂಡೆಕ್ಸ್, ಅಂದರೆ ಒಂದೇ ನಂಬರ್ ಎರಡು ಸಲ ಕೂರದಂತೆ ತಡೆಯುವ ಕಟ್ಟು, ಹಾಕಿದ್ದು. ಇದು ಮೊದಲಿನಿಂದಲೂ ಇರಬೇಕಿತ್ತು. ಇದ್ದಿದ್ದರೆ ನಾಲ್ಕನೇ ಚೀಟಿಗೇ ಎರರ್ ಬಂದು ನಿಲ್ಲುತ್ತಿತ್ತು, ಯಾರ್ಡ್‌ವರೆಗೆ ಹೋಗುತ್ತಿರಲಿಲ್ಲ. ಸದ್ದಿಲ್ಲದೆ ಆಗುವ ತಪ್ಪಿಗಿಂತ ಕೂಗಿಕೊಳ್ಳುವ ಎರರ್ ಸಾವಿರ ಪಾಲು ಮೇಲು.

ಎರಡನೆಯದು, ನಂಬರ್ ಕೊಡುವ ರೀತಿ. ಟೇಬಲ್‌ನಲ್ಲಿರುವ ಅತಿ ದೊಡ್ಡ ನಂಬರ್ ಓದಿ ಒಂದು ಕೂಡಿಸುವುದು ಸುಲಭ ಅನಿಸುತ್ತದೆ, ಆದರೆ ಅಲ್ಲಿಯೂ ಓದುವುದಕ್ಕೂ ಬರೆಯುವುದಕ್ಕೂ ನಡುವೆ ಸಂದಿ ಇದೆ. ಅದರ ಬದಲು ಎಣಿಕೆಗೇ ಒಂದು ಸಾಲಿನ ಟೇಬಲ್ ಮಾಡಿದೆ. ಅಪ್‌ಡೇಟ್ ಮಾಡುವಾಗಲೇ ಇದ್ದದ್ದಕ್ಕೆ ಒಂದು ಕೂಡಿಸಿ, ರಿಟರ್ನಿಂಗ್ ಪದದಿಂದ ಹೊಸ ನಂಬರನ್ನು ಅಲ್ಲೇ ಪಡೆಯುವುದು. ಆ ಪದ ಎಸ್‌ಕ್ಯೂಲೈಟ್ 3.35ರಿಂದ, ಅಂದರೆ 2021ರಿಂದ ಇದೆ. ನಿಮ್ಮ ಆವೃತ್ತಿ ಹಳೆಯದಾಗಿದ್ದರೆ ಅದೇ ಟ್ರಾನ್ಸಾಕ್ಷನ್ ಒಳಗೆ ಅಪ್‌ಡೇಟ್ ಮಾಡಿ, ಆಮೇಲೆ ಓದಿ. ಚೀಟಿಯ ಸಾಲು ಸೇರಿಸುವುದೂ ಅದೇ ಟ್ರಾನ್ಸಾಕ್ಷನ್‌ನಲ್ಲಿ. ಏನಾದರೂ ತಪ್ಪಿ ರೋಲ್‌ಬ್ಯಾಕ್ ಆದರೆ, ಅಂದರೆ ಕೆಲಸ ರದ್ದಾದರೆ, ನಂಬರೂ ಹಿಂದೆ ಹೋಗುತ್ತದೆ, ನಡುವೆ ಖಾಲಿ ಬಿಡುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ನಂಬರ್ ಕೊಡುವ ಸೀಕ್ವೆನ್ಸ್ ಹೀಗಲ್ಲ, ರೋಲ್‌ಬ್ಯಾಕ್ ಆದರೂ ಕೊಟ್ಟ ನಂಬರ್ ವಾಪಸ್ ತೆಗೆದುಕೊಳ್ಳುವುದಿಲ್ಲ. ಆಡಿಟ್‌ನವರು ಬಂದು ಈ ನಂಬರಿನ ಚೀಟಿ ಎಲ್ಲಿ ಎಂದು ಕೇಳುವ ಕಡೆ ಇದು ನೆನಪಿರಲಿ.

ಆಮೇಲೆ ಬಂದ ದೋಷ: ಡೇಟಾಬೇಸ್ ಲಾಕ್ ಆಗಿದೆ

ಇಷ್ಟು ಮಾಡಿ ನಾಲ್ಕು ವರ್ಕರ್ ಹಾಕಿ ಪರೀಕ್ಷಿಸಿದಾಗ ಹೊಸ ಎರರ್ ಬಂತು. ಡೇಟಾಬೇಸ್ ಲಾಕ್ ಆಗಿದೆ ಎಂದು. ಎಸ್‌ಕ್ಯೂಲೈಟ್‌ನಲ್ಲಿ ಒಂದು ಸಲಕ್ಕೆ ಬರೆಯುವವರು ಒಬ್ಬರೇ. ಉಳಿದವರು ಕಾಯಬೇಕು. ಪೈಥಾನ್‌ನ ಎಸ್‌ಕ್ಯೂಲೈಟ್ ಮಾಡ್ಯೂಲ್ ತಾನಾಗಿ 5 ಸೆಕೆಂಡ್ ಕಾಯುತ್ತದೆ. ನಮ್ಮ ಒಂದು ಚೀಟಿಗೆ ಅಷ್ಟು ಹೊತ್ತು ಬೇಕಾಗಿಯೇ ಇಲ್ಲ. ಹಾಗಿದ್ದೂ ಎರರ್ ಯಾಕೆ?

ಲಾಗ್‌ನಲ್ಲಿ ಸಮಯ ನೋಡಿದೆ. ಎರರ್ 5 ಸೆಕೆಂಡ್ ಆದ ಮೇಲೆ ಬಂದಿರಲಿಲ್ಲ, ತಕ್ಷಣವೇ ಬಂದಿತ್ತು. ಇದೇ ಗುರುತು. ನನ್ನ ಕೋಡ್ ಟ್ರಾನ್ಸಾಕ್ಷನ್ ಶುರು ಮಾಡಿ ಮೊದಲು ರೈತರ ಖಾತೆ ಓದುತ್ತಿತ್ತು, ಆಮೇಲೆ ಬರೆಯಲು ಹೋಗುತ್ತಿತ್ತು. ಓದಿದ ಮೇಲೆ, ಬರೆಯುವ ಮುಂಚೆ ಇನ್ನೊಂದು ವರ್ಕರ್ ಬರೆದು ಮುಗಿಸಿದರೆ, ನಾನು ಓದಿದ ಚಿತ್ರ ಹಳೆಯದಾಯಿತು. ವಾಲ್ ಮೋಡ್‌ನಲ್ಲಿ (ಬದಲಾವಣೆಯನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ ಎಸ್‌ಕ್ಯೂಲೈಟ್ ಕ್ರಮ) ಆಗ ಎಷ್ಟು ಕಾದರೂ ಪ್ರಯೋಜನ ಇಲ್ಲ, ಹಾಗಾಗಿ ಎಸ್‌ಕ್ಯೂಲೈಟ್ ಕಾಯದೇ ಬೇಡ ಅನ್ನುತ್ತದೆ. ಟೈಮ್‌ಔಟ್ 5ರಿಂದ 30ಕ್ಕೆ ಏರಿಸಿದರೆ ಏನೂ ಆಗುವುದಿಲ್ಲ. ಬರೆಯುವ ಉದ್ದೇಶ ಇದ್ದರೆ ಟ್ರಾನ್ಸಾಕ್ಷನ್ ಅನ್ನು ಬಿಗಿನ್ ಇಮ್ಮಿಡಿಯೇಟ್ ಎಂದೇ ಶುರು ಮಾಡಬೇಕು. ಆಗ ಬರೆಯುವ ಹಕ್ಕು ಮೊದಲೇ ಸಿಗುತ್ತದೆ, ಉಳಿದವರು ಬಾಗಿಲಲ್ಲೇ ಕಾಯುತ್ತಾರೆ. ಈ ಒಂದು ಪದ ಬದಲಿಸಿದ ಮೇಲೆ ಆ ಎರರ್ ಮತ್ತೆ ಬಂದಿಲ್ಲ.

ವಾಲ್ ಮೋಡ್ ಇಟ್ಟುಕೊಂಡೆ, ಯಾಕೆಂದರೆ ಅದರಲ್ಲಿ ಒಬ್ಬರು ಬರೆಯುತ್ತಿರುವಾಗಲೂ ದರ ನೋಡುವವರು ಓದಬಹುದು. ಡಿಸ್ಕ್‌ಗೆ ಬರೆದು ಮುಗಿಯುವವರೆಗೆ ಎಷ್ಟು ಕಾಯಬೇಕು ಎಂದು ಹೇಳುವ ಸಿಂಕ್ರೊನಸ್ ಎಂಬ ಸೆಟ್ಟಿಂಗ್ ಅನ್ನು ಫುಲ್‌ನಲ್ಲೇ ಬಿಟ್ಟೆ. ನಾರ್ಮಲ್ ಮಾಡಿದರೆ ವೇಗ ಸಿಗುತ್ತದೆ, ಡೇಟಾಬೇಸ್ ಕೆಡುವುದೂ ಇಲ್ಲ, ಆದರೆ ಕರೆಂಟ್ ಹೋದರೆ ಕೊನೆಯ ಒಂದೆರಡು ಚೀಟಿ ಇಲ್ಲವಾಗಬಹುದು. ಚೀಟಿಯನ್ನು ಪ್ರಿಂಟರ್‌ಗೆ ಕಳಿಸುವುದೂ ಕಮಿಟ್ ಆದ, ಅಂದರೆ ಡೇಟಾಬೇಸ್‌ನಲ್ಲಿ ಖಾಯಂ ಆದ ಮೇಲೆಯೇ.

ಇದೆಲ್ಲ ಒಂದೇ ಮಷೀನ್‌ಗೆ ಸರಿ. ಕಾರವಾರದ ಬೈತಖೋಲ ಬಂದರಿನ ಹತ್ತಿರ ಗೆಳೆಯರೊಬ್ಬರು ದೋಣಿಗಳಿಗೆ ಐಸ್ ಬುಕ್ ಮಾಡುವ ಆ್ಯಪ್ ನಡೆಸುತ್ತಾರೆ. ಅವರದ್ದು ಎರಡು ಸರ್ವರ್, ನಡುವೆ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಎಸ್‌ಕ್ಯೂಲೈಟ್ ಫೈಲ್ ಇಡಬಹುದಾ ಎಂದು ಕೇಳಿದ್ದರು. ಬೇಡವೇ ಬೇಡ ಎಂದೆ. ವಾಲ್ ಮೋಡ್‌ಗೆ ಎಲ್ಲ ಪ್ರೊಸೆಸ್‌ಗಳೂ ಒಂದೇ ಮಷೀನ್‌ನಲ್ಲಿ ಇರಬೇಕು, ಅವು ಹಂಚಿಕೊಂಡ ಮೆಮೊರಿಯ ಮೂಲಕವೇ ಮಾತಾಡಿಕೊಳ್ಳುತ್ತವೆ. ಅವರು ಪೋಸ್ಟ್‌ಗ್ರೆಸ್‌ಗೆ ಹೋದರು.

ಅದೇ ಬೇರಿನ ಇನ್ನಷ್ಟು ದೋಷ

ಕೋಡ್ ಪೂರ್ತಿ ಜಾಲಾಡಿದಾಗ ಗ್ಲೋಬಲ್ ವೇರಿಯಬಲ್ ಇನ್ನೂ ಸಿಕ್ಕವು. ಗುಮಾಸ್ತರು ಲಾಗಿನ್ ಆದ ಮರುಕ್ಷಣ ಹೊರಗೆ ಬೀಳುತ್ತಿದ್ದರು. ಸೆಷನ್ ಕುಕೀಗೆ ಸಹಿ ಹಾಕುವ ಗುಟ್ಟಿನ ಕೀ ಅನ್ನು ಆ್ಯಪ್ ಏಳುವಾಗ ರ್‍ಯಾಂಡಮ್ ಆಗಿ ಹುಟ್ಟಿಸುತ್ತಿದ್ದೆ. ನಾಲ್ಕು ವರ್ಕರ್‌ಗೆ ನಾಲ್ಕು ಕೀ, ಒಬ್ಬರ ಸಹಿ ಇನ್ನೊಬ್ಬರು ಒಪ್ಪುವುದಿಲ್ಲ. ಕೀ ಒಂದೇ ಸಲ ಮಾಡಿ ಎನ್ವಿರಾನ್‌ಮೆಂಟ್ ಫೈಲ್‌ಗೆ ಹಾಕಿದೆ.

ಸಂಜೆ ದರದ ಎಸ್ಸೆಮ್ಮೆಸ್ ಕಳಿಸುವ ಷೆಡ್ಯೂಲರ್ ಕೂಡ ಆ್ಯಪ್ ಒಳಗೇ ಇತ್ತು. ಬಿಟ್ಟಿದ್ದರೆ ಪ್ರತಿ ರೈತರಿಗೂ ನಾಲ್ಕು ನಾಲ್ಕು ಮೆಸೇಜ್ ಹೋಗುತ್ತಿತ್ತು. ಅದನ್ನು ಹೊರಗೆ ತೆಗೆದು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಕೊಟ್ಟೆ.

ದರಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿದ್ದ ಕ್ಯಾಶೆಯನ್ನು ಕಿತ್ತೇ ಹಾಕಿದೆ. ಎಸ್‌ಕ್ಯೂಲೈಟ್‌ನಿಂದ ಆ ಹತ್ತಿಪ್ಪತ್ತು ಸಾಲು ಓದಲು ಹಿಡಿಯುವ ಸಮಯ ಲೆಕ್ಕಕ್ಕೇ ಬರುವಂಥದ್ದಲ್ಲ.

ಸರಿಯಾಗಿದೆ ಎಂದು ನಂಬುವ ಮುಂಚೆ

ಡೇಟಾಬೇಸ್‌ನ ಪ್ರತಿಯೊಂದನ್ನು ಬೇರೆ ಫೋಲ್ಡರ್‌ಗೆ ಹಾಕಿ, ನಾಲ್ಕು ವರ್ಕರ್ ಎಬ್ಬಿಸಿ, ಒಟ್ಟಿಗೆ 20ರಂತೆ 400 ಚೀಟಿ ಕೇಳಿದೆ. ಮೂರು ಅಂಕೆ ನೋಡಬೇಕು: ಒಟ್ಟು ಸಾಲು, ಬೇರೆ ಬೇರೆ ನಂಬರ್ ಎಷ್ಟು, ಮೊದಲಿನಿಂದ ಕೊನೆಯವರೆಗೆ ಎಷ್ಟು. ಮೂರೂ 400 ಬಂದವು. ಇನ್ನೊಂದು ಸಲ ಓಡಿಸಿ, ನಡುವೆ ಕಿಲ್ ಕಮಾಂಡ್‌ನಲ್ಲಿ 9 ಹಾಕಿ ಒಂದು ವರ್ಕರ್ ಕೊಂದೆ. ಆಗ ಅದರ ಕೈಯಲ್ಲಿದ್ದ ರಿಕ್ವೆಸ್ಟ್‌ಗೆ ಎರರ್ ಬಂತು, ನಂಬರ್‌ಗಳಲ್ಲಿ ಸಂದಿ ಬೀಳಲಿಲ್ಲ. ಕೊನೆಗೆ ಹಳೆಯ ಮಷೀನ್ ಒಂದರಲ್ಲಿ ಇದೇ ಪರೀಕ್ಷೆ ಓಡುತ್ತಿರುವಾಗ ಪ್ಲಗ್ಗನ್ನೇ ಕಿತ್ತೆ. ಎದ್ದ ಮೇಲೆ ಕೊನೆಯ ಪ್ರಿಂಟ್ ಆದ ಚೀಟಿಯೂ ಡೇಟಾಬೇಸ್‌ನ ಕೊನೆಯ ಸಾಲೂ ತಾಳೆಯಾದವು.

ಮುಂದಿನ ಟೆಂಡರ್ ದಿನ ಬೆಳಗ್ಗೆಯಿಂದ ಕೌಂಟರ್ ಪಕ್ಕವೇ ನಿಂತಿದ್ದೆ. ಸಂಜೆ ಅದೇ ಪ್ರಶ್ನೆಯನ್ನು ಡೇಟಾಬೇಸ್‌ಗೆ ಕೇಳಿದೆ: ಒಂದಕ್ಕಿಂತ ಜಾಸ್ತಿ ಸಲ ಬಂದ ಲಾಟ್ ನಂಬರ್ ಯಾವುದು? ಒಂದು ಸಾಲೂ ಬರಲಿಲ್ಲ.